ಬಿಪಿ ಇಳಿದಿದ್ದು ಯಾರಿಂದ?

ಕಳೆದ ಅಂಕಣ ಓದಿದ ಒಬ್ಬರು ಮೇಲ್ ಮಾಡಿದ್ದರು. ಬೆಂಗಳೂರಿನ ಒಂದು ಕಂಪನಿಯಲ್ಲಿ ಎಚ್‌ಆರ್ ಅಂತೆ. "ನಮ್ಮಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಹೆಲ್ತ್ ಚೆಕಪ್ ಮಾಡಿಸ್ತೀವಿ. ಈ ಸಲ ಬಿಪಿ ಜಾಸ್ತಿ ಬಂದವರನ್ನೆಲ್ಲ ಮೂರು ತಿಂಗಳ ವೆಲ್‌ನೆಸ್ ಪ್ರೋಗ್ರಾಮ್‌ಗೆ ಸೇರಿಸಿದ್ವಿ. ಮುಗಿದ ಮೇಲೆ ಮತ್ತೆ ನೋಡಿಸಿದ್ರೆ ಹೆಚ್ಚುಕಡಿಮೆ ಎಲ್ಲರದ್ದೂ ಇಳಿದಿದೆ. ಅದರಲ್ಲೂ ಯಾರದ್ದು ತುಂಬ ಜಾಸ್ತಿ ಇತ್ತೋ ಅವರದ್ದೇ ತುಂಬ ಇಳಿದಿದೆ. ಮುಂದಿನ ವರ್ಷವೂ ಇದಕ್ಕೆ ದುಡ್ಡು ಹಾಕಿ ಅಂತ ಮ್ಯಾನೇಜ್‌ಮೆಂಟ್‌ಗೆ ಧೈರ್ಯವಾಗಿ ಹೇಳಬಹುದಲ್ವಾ?"

ಹೇಳಬಹುದು. ನಡಿಗೆ, ಯೋಗ, ಉಪ್ಪು ಕಡಿಮೆ ಮಾಡೋದು, ಇವೆಲ್ಲ ಒಳ್ಳೆಯದೇ. ಆದರೆ ಅವರು ಕೊಟ್ಟ ಎರಡು ಸಾಕ್ಷಿಗಳಿವೆಯಲ್ಲ, 'ಎಲ್ಲರದ್ದೂ ಇಳಿದಿದೆ' ಮತ್ತು 'ಜಾಸ್ತಿ ಇದ್ದವರದ್ದು ಜಾಸ್ತಿ ಇಳಿದಿದೆ', ಇವೆರಡೂ ಪ್ರೋಗ್ರಾಮ್ ಮಾಡದೇ ಇದ್ದಿದ್ದರೂ ಬರುತ್ತಿದ್ದವು. ನಂಬಿಕೆ ಬರಲಿಲ್ಲವಾ? ಒಂದು ದಾಳ ತಗೊಳ್ಳಿ. ಫೋನಿನಲ್ಲಿರುವ ಲೂಡೋ ಆದರೂ ನಡೆಯುತ್ತೆ.

ದಾಳವನ್ನು ಒಂದು 30 ಸಲ ಎಸೆದು ಬಿದ್ದದ್ದನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಇವರೇ ನಿಮ್ಮ 30 ಜನ ಉದ್ಯೋಗಿಗಳು. 5 ಅಥವಾ 6 ಬಿದ್ದವರಿಗೆ 'ಬಿಪಿ ಜಾಸ್ತಿ' ಅಂತ ಗುರುತು ಹಾಕಿ. ಈಗ ಅವರಿಗೆ ಚಿಕಿತ್ಸೆ. ದಾಳವನ್ನು ಮುಷ್ಟಿಯಲ್ಲಿ ಹಿಡಿದು 'ಶಾಂತವಾಗು' ಅಂತ ಮೂರು ಸಲ ಹೇಳಿ, ಗುರುತು ಹಾಕಿದ ಪ್ರತಿಯೊಬ್ಬರ ಹೆಸರಲ್ಲೂ ಇನ್ನೊಂದು ಸಲ ಎಸೆಯಿರಿ. ಮೊದಲು ಸರಾಸರಿ 5.5ರ ಹತ್ತಿರ ಇದ್ದದ್ದು ಈಗ 3.5ರ ಆಸುಪಾಸಿಗೆ ಬಂದಿರುತ್ತೆ. ಎರಡು ಪಾಯಿಂಟ್ ಇಳಿಕೆ! ಇನ್ನೂ ಸ್ವಲ್ಪ ಬಿಡಿಸಿ ನೋಡಿ. 6 ಇದ್ದವರು ಸರಾಸರಿ ಎರಡೂವರೆ ಇಳಿದಿರುತ್ತಾರೆ, 5 ಇದ್ದವರು ಒಂದೂವರೆ. ಜಾಸ್ತಿ ಇದ್ದವರಿಗೆ ಮಂತ್ರ ಜಾಸ್ತಿ ತಟ್ಟಿದೆ. ಬೇಕಿದ್ದರೆ 1, 2 ಬಿದ್ದವರಿಗೂ ಅದೇ 'ಶಾಂತವಾಗು' ಹೇಳಿ ಎಸೆಯಿರಿ, ಅವರದ್ದು ಏರಿರುತ್ತೆ. ಬಿಪಿ ಜಾಸ್ತಿ ಇದ್ದವರದ್ದು ಇಳಿಸಿ, ಕಡಿಮೆ ಇದ್ದವರದ್ದು ಏರಿಸುವ ಮಂತ್ರ! ಟಿವಿಯಲ್ಲಿ ಬೆಳಗಿನ ಹೊತ್ತು ಮಾರುವ ಪುಡಿಗಳ ಜಾಹೀರಾತು ಇದನ್ನೇ ಹೇಳುತ್ತೆ, ಗಮನಿಸಿ.

ಮನುಷ್ಯರು ದಾಳಗಳಲ್ಲ, ಒಪ್ಪುತ್ತೇನೆ. ಬಿಪಿ ಜಾಸ್ತಿ ಇರುವವರಿಗೆ ನಿಜವಾಗಲೂ ಜಾಸ್ತಿ ಇರುತ್ತೆ. ಆದರೆ ಯಂತ್ರ ಒಂದು ದಿನ ತೋರಿಸುವ ಅಂಕಿಯಲ್ಲಿ ಎರಡು ಸೇರಿರುತ್ತವೆ. ನಿಮ್ಮ ಮಾಮೂಲಿ ಬಿಪಿ ಒಂದು, ಆ ದಿನದ ಹಣೆಬರಹ ಇನ್ನೊಂದು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದಿರಬಹುದು, ಈಗಷ್ಟೇ ಫಿಲ್ಟರ್ ಕಾಫಿ ಕುಡಿದಿರಬಹುದು, ಲಿಫ್ಟ್ ಕೆಟ್ಟು ಮೂರು ಮಹಡಿ ಹತ್ತಿರಬಹುದು, ನರ್ಸ್ ತೋಳಿಗೆ ಪಟ್ಟಿ ಸುತ್ತುವಾಗಲೇ ಎದೆ ಡವಡವ ಅಂದಿರಬಹುದು. ಮಾಮೂಲಿ ಬಿಪಿ 145 ಇರುವ ಹತ್ತು ಜನರನ್ನು ಕಲ್ಪಿಸಿಕೊಳ್ಳಿ. ಕಟ್-ಆಫ್ 150. ಚೆಕಪ್ ದಿನ ಆರು ಜನರದ್ದು 150ರ ಕೆಳಗೆ ಬಂತು, ಬಚಾವಾದರು. ನಾಲ್ಕು ಜನರ ಹಣೆಬರಹ ಕೆಟ್ಟಿತ್ತು, 155, 158 ಅಂತ ಬಂತು, ಪ್ರೋಗ್ರಾಮ್‌ಗೆ ಹೋದರು. ಮೂರು ತಿಂಗಳಾದ ಮೇಲೆ ಅವರ ಹಣೆಬರಹ ಎಲ್ಲರ ಹಾಗೇ ಇರುತ್ತೆ, ಸರಾಸರಿ ಮತ್ತೆ 145. ವರದಿಯಲ್ಲಿ ಅದು 'ಹತ್ತು ಪಾಯಿಂಟ್ ಇಳಿಕೆ'. ಬಚಾವಾದ ಆ ಆರು ಜನರನ್ನು ಮತ್ತೆ ಅಳೆದಿದ್ದರೆ ಅವರದ್ದು ಏರಿರುವುದು ಕಾಣುತ್ತಿತ್ತು. ಅವರನ್ನು ಯಾರೂ ಅಳೆಯುವುದಿಲ್ಲ.

ಇದಕ್ಕೆ ರಿಗ್ರೆಷನ್ ಟು ದಿ ಮೀನ್ ಅಂತ ಹೆಸರು. ಕನ್ನಡದಲ್ಲಿ ಸರಾಸರಿಯತ್ತ ಮರಳುವಿಕೆ ಅನ್ನೋಣ. ಮೊದಲು ಕಂಡುಹಿಡಿದವನು ಫ್ರಾನ್ಸಿಸ್ ಗಾಲ್ಟನ್, ಇಂಗ್ಲೆಂಡಿನವನು. 1886ರಲ್ಲಿ 205 ದಂಪತಿಗಳ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರ ಇಟ್ಟುಕೊಂಡು ಲೆಕ್ಕ ಹಾಕಿದ. ಅಪ್ಪ-ಅಮ್ಮ ಸರಾಸರಿಗಿಂತ ಎಷ್ಟು ಎತ್ತರವೋ, ಮಕ್ಕಳು ಸರಾಸರಿಗಿಂತ ಅದರ ಸುಮಾರು ಮೂರನೇ ಎರಡು ಭಾಗದಷ್ಟು ಮಾತ್ರ ಎತ್ತರ. ಹಾಗಂತ ತಲೆಮಾರಿನಿಂದ ತಲೆಮಾರಿಗೆ ಎಲ್ಲರೂ ಒಂದೇ ಎತ್ತರಕ್ಕೆ ಬಂದುಬಿಡುತ್ತಿದ್ದಾರಾ? ಇಲ್ಲ. ತುಂಬ ಎತ್ತರದ ಮಕ್ಕಳನ್ನು ಆರಿಸಿಕೊಂಡು ಅವರ ಅಪ್ಪ-ಅಮ್ಮನನ್ನು ಅಳೆದರೆ, ಅಪ್ಪ-ಅಮ್ಮನೇ ಸರಾಸರಿಯ ಕಡೆಗಿರುತ್ತಾರೆ. ಮಕ್ಕಳ ಎತ್ತರವಂತೂ ಹಿಂದಕ್ಕೆ ಹೋಗಿ ಹೆತ್ತವರನ್ನು ಕುಳ್ಳಗೆ ಮಾಡಲಾರದು. ನಾವು ಯಾವ ತುದಿಯಿಂದ ಆರಿಸುತ್ತೇವೋ ಅದರ ಇನ್ನೊಂದು ತುದಿ ಸಪ್ಪೆಯಾಗಿ ಕಾಣುತ್ತೆ, ಅಷ್ಟೇ. ಮೊದಲ ಸಿನಿಮಾ ಸೂಪರ್ ಹಿಟ್ ಆದ ನಿರ್ದೇಶಕರ ಎರಡನೆಯದು ಬಂದಾಗ ನಾವು 'ತಲೆಗೆ ಹತ್ತಿತು' ಅಂತ ಬೈಯುತ್ತೇವಲ್ಲ, ಪಾಪ, ಅರ್ಧ ಬೈಗುಳ ಗಣಿತಕ್ಕೆ ಸೇರಬೇಕು.

ಬೈಯುವ ವಿಷಯ ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ಒಮ್ಮೆ ಇಸ್ರೇಲಿನ ವಾಯುಪಡೆ ತರಬೇತುದಾರರಿಗೆ 'ಬೈಯುವುದಕ್ಕಿಂತ ಹೊಗಳಿದರೆ ಹೆಚ್ಚು ಕಲಿಯುತ್ತಾರೆ' ಅಂತ ಪಾಠ ಮಾಡುತ್ತಿದ್ದರು. ಒಬ್ಬ ಹಿರಿಯ ಅಧಿಕಾರಿ ಎದ್ದು ನಿಂತು, ಅದೆಲ್ಲ ಸುಳ್ಳು, ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ ಅಂದರಂತೆ. ಅವರು ಕಂಡದ್ದು ನಿಜ. ಕಾನೆಮನ್ ನೆಲದ ಮೇಲೆ ಒಂದು ಗುರುತು ಮಾಡಿ, ಪ್ರತಿಯೊಬ್ಬರೂ ಬೆನ್ನು ತಿರುಗಿಸಿ ನಿಂತು ಎರಡೆರಡು ನಾಣ್ಯ ಎಸೆಯುವಂತೆ ಮಾಡಿದರು. ಮೊದಲ ಎಸೆತ ಗುರುತಿನ ಹತ್ತಿರ ಬಿದ್ದವರದ್ದು ಎರಡನೆಯದು ಸಾಮಾನ್ಯವಾಗಿ ದೂರ ಬಿತ್ತು, ದೂರ ಬಿದ್ದವರದ್ದು ಹತ್ತಿರ ಬಂತು. ಯಾರನ್ನೂ ಯಾರೂ ಹೊಗಳಿರಲಿಲ್ಲ, ಬೈದಿರಲಿಲ್ಲ. ನಿಮ್ಮ ಮ್ಯಾನೇಜರ್‌ಗೆ ಬೈಗುಳದ ಮೇಲೆ ಅಷ್ಟೊಂದು ನಂಬಿಕೆ ಯಾಕೆ ಅನ್ನುವುದಕ್ಕೆ ಇದೂ ಒಂದು ಉತ್ತರ.

ನಾನು ಕ್ಲಿನಿಕಲ್ ಟ್ರಯಲ್‌ಗಳ ಡೇಟಾ ನೋಡುವ ಕೆಲಸದಲ್ಲಿದ್ದೇನೆ. ಹೊಸದಾಗಿ ಸೇರಿದವರಿಗೆ ಈ ವಿಷಯ ಹೇಳಬೇಕಾದಾಗ ದಾಳ, ನಾಣ್ಯ ಎಲ್ಲ ಬಿಟ್ಟು ನೇರವಾಗಿ ಒಂದು ಕಥೆ ಹೇಳುತ್ತೇನೆ. ಸಿಂಪ್ಲಿಸಿಟಿ ಅನ್ನುವ ಹೆಸರಿನ ಟ್ರಯಲ್‌ಗಳ ಕಥೆ.

ಕೆಲವರಿಗೆ ಮೂರು ಮೂರು ಬಗೆಯ ಮಾತ್ರೆ ತಗೊಂಡರೂ ಬಿಪಿ 160ರಿಂದ ಕೆಳಗಿಳಿಯುವುದಿಲ್ಲ. ಅಂಥವರಿಗೆ ತೊಡೆಯ ರಕ್ತನಾಳದಿಂದ ಒಂದು ತೆಳು ಕೊಳವೆ ಹಾಕಿ, ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳದವರೆಗೆ ತೂರಿಸಿ, ಆ ನಾಳದ ಸುತ್ತ ಇರುವ ನರಗಳನ್ನು ಒಳಗಿನಿಂದಲೇ ಬಿಸಿಮಾಡಿ ಸುಡುವುದು. ಆ ನರಗಳಿಗೂ ಬಿಪಿಗೂ ಸಂಬಂಧ ಇರುವುದು ಹಳೆಯ ವಿಷಯ, ಹಾಗಾಗಿ ಯೋಚನೆ ಹುಚ್ಚಿನದ್ದಲ್ಲ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೊದಲ ವರದಿ ಬಂತು. 45 ಜನರಿಗೆ ಮಾಡಿದ್ದರು. ಆರು ತಿಂಗಳಿಗೆ ಮೇಲಿನ ಬಿಪಿ 22 ಇಳಿದಿತ್ತು, ವರ್ಷಕ್ಕೆ 27. ಹೋಲಿಸಿ ನೋಡಲು ಲಾಟರಿ ಹಾಕಿ ಬೇರೆ ಮಾಡಿದ ಗುಂಪು ಇರಲಿಲ್ಲ. ಬರೀ 'ಮೊದಲು' ಮತ್ತು 'ಆಮೇಲೆ'.

ಮುಂದಿನ ವರ್ಷ, 2010ರಲ್ಲಿ ಎರಡನೆಯದು. ಈ ಸಲ 106 ಜನರನ್ನು ಎರಡು ಗುಂಪು ಮಾಡಿದರು. ಚಿಕಿತ್ಸೆ ಆದವರದ್ದು 32 ಇಳಿಯಿತು, ಆಗದವರದ್ದು ಇದ್ದಲ್ಲೇ ಇತ್ತು. ಹಾಗಾದರೆ ಇಲ್ಲಿ ಸರಾಸರಿಯತ್ತ ಮರಳುವುದೊಂದನ್ನೇ ದೂರುವಂತಿಲ್ಲ, ಅದೊಂದೇ ಆಗಿದ್ದರೆ ಎರಡೂ ಗುಂಪಿನಲ್ಲಿ ಇಳಿಯಬೇಕಿತ್ತು. ಆದರೆ ಯಾರಿಗೆ ಚಿಕಿತ್ಸೆ ಆಗಿದೆ ಅನ್ನುವುದು ರೋಗಿಗೂ ಗೊತ್ತಿತ್ತು, ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿತ್ತು. ಅಂಕಿ ನೋಡುವವರ ಆಸೆ, ಅಳೆಸಿಕೊಳ್ಳುವವರ ನೆಮ್ಮದಿ, 'ಇಷ್ಟೆಲ್ಲ ಮಾಡಿಸಿಕೊಂಡಿದ್ದೇನೆ' ಅಂತ ಮಾತ್ರೆಯನ್ನು ತಪ್ಪದೆ ತಗೊಳ್ಳೋದು, ಎಲ್ಲಕ್ಕೂ ಅಲ್ಲಿ ಬಾಗಿಲು ತೆರೆದಿತ್ತು. ಯುರೋಪಿನಲ್ಲಿ, ಆಸ್ಟ್ರೇಲಿಯಾದಲ್ಲಿ ಆಸ್ಪತ್ರೆಗಳು ಈ ಚಿಕಿತ್ಸೆ ಕೊಡಲು ಶುರುಮಾಡಿದ್ದವು.

ಅಮೆರಿಕದಲ್ಲಿ ಮಾತ್ರ ಇನ್ನೂ ಗಟ್ಟಿ ಪರೀಕ್ಷೆ ಬೇಕು ಅಂತ ಮೂರನೆಯದನ್ನು ಮಾಡಿದರು. 535 ಜನ. ಎಲ್ಲರನ್ನೂ ಟೇಬಲ್ ಮೇಲೆ ಮಲಗಿಸಿ, ಮಂಪರು ಬರಿಸಿ, ಕಣ್ಣು ಮುಚ್ಚಿ, ಕಿವಿಗೆ ಸಂಗೀತ ಹಾಕಿ, ತೊಡೆಯಿಂದ ಕೊಳವೆ ತೂರಿಸಿ ಆಂಜಿಯೋಗ್ರಾಮ್ ಮಾಡಿದರು. ಮೂವರಲ್ಲಿ ಇಬ್ಬರಿಗೆ ನಿಜವಾಗಿ ನರ ಸುಟ್ಟರು. ಮೂರನೆಯವರಿಗೆ ಏನೂ ಮಾಡದೆ ಕೊಳವೆ ಹೊರತೆಗೆದರು. ಯಾರಿಗೆ ಏನಾಯಿತು ಅಂತ ರೋಗಿಗೂ ಗೊತ್ತಿಲ್ಲ, ಆಮೇಲೆ ಬಿಪಿ ಅಳೆಯುವವರಿಗೂ ಗೊತ್ತಿಲ್ಲ. ಎರಡೂ ಗುಂಪು ಶುರುವಾಗಿದ್ದು 180ರ ಹತ್ತಿರ.

ಆರು ತಿಂಗಳಾದ ಮೇಲೆ ನರ ಸುಟ್ಟವರ ಬಿಪಿ 14.13 ಇಳಿದಿತ್ತು. ಸಾಮಾನ್ಯ ಸಂಗತಿಯಲ್ಲ, ಒಳ್ಳೆಯ ಮಾತ್ರೆಯೊಂದು ಮಾಡುವಷ್ಟು ಕೆಲಸ. ಏನೂ ಮಾಡದವರದ್ದು? 11.74 ಇಳಿದಿತ್ತು.

ಈ ಸಾಲು ಹೇಳಿದಾಗ ಹೊಸಬರ ಮುಖ ನೋಡುವುದು ನನಗಿಷ್ಟ. ಎರಡು ಗುಂಪಿನ ನಡುವಿನ ಅಂತರ 2.39, ಅಂಕಿಅಂಶದ ಲೆಕ್ಕದಲ್ಲಿ ಇದ್ದೂ ಇಲ್ಲದಷ್ಟು. ಆದರೆ ಪ್ರತಿ ಗುಂಪನ್ನೂ ಅದರ ಅದರ ಮೊದಲ ಅಳತೆಯ ಜೊತೆ ಮಾತ್ರ ಹೋಲಿಸಿ ನೋಡಿ, ಎರಡರಲ್ಲೂ ಇಳಿಕೆ ಖಡಾಖಂಡಿತ, ಆಕಸ್ಮಿಕ ಅನ್ನುವ ಪ್ರಶ್ನೆಯೇ ಇಲ್ಲ. ಸುಳ್ಳು ಚಿಕಿತ್ಸೆಯೂ 'ಸಿಗ್ನಿಫಿಕೆಂಟ್'. ಆ ಕಂಟ್ರೋಲ್ ಗುಂಪು ಇರದೇ ಹೋಗಿದ್ದರೆ 14 ಪಾಯಿಂಟಿನ ಸುದ್ದಿ ಜಗತ್ತೆಲ್ಲ ಹರಡುತ್ತಿತ್ತು, ಮತ್ತು ಅದನ್ನು ಕೇಳಿ ಲಕ್ಷಗಟ್ಟಲೆ ಖರ್ಚು ಮಾಡಿ ತೊಡೆಯಲ್ಲಿ ಕೊಳವೆ ಹಾಕಿಸಿಕೊಳ್ಳುವವರು ನಮ್ಮ ನಿಮ್ಮ ಮನೆಯವರೇ.

11.74ರಲ್ಲಿ ಸರಾಸರಿಗೆ ಮರಳಿದ್ದು ಎಷ್ಟು, ಮಾತ್ರೆಯನ್ನು ಸರಿಯಾಗಿ ತಗೊಂಡಿದ್ದು ಎಷ್ಟು, ಮನಸ್ಸಿನ ಸಮಾಧಾನ ಎಷ್ಟು ಅಂತ ಬಿಡಿಸುವುದು ಆಗದ ಮಾತು. ಬಿಡಿಸಲೇಬೇಕು ಅಂತಲೂ ಇಲ್ಲ. ಆ ಎಲ್ಲ ಎರಡೂ ಗುಂಪಿಗೆ ಸಮನಾಗಿ ಬಂದಿವೆ, ಕಳೆದರೆ ಹೋಗುತ್ತವೆ. ಲಾಟರಿ ಹಾಕಿ ಗುಂಪು ಮಾಡುವುದರ ಸೊಗಸೇ ಅದು.

ನ್ಯಾಯವಾಗಿ ಕಥೆಯ ಉಳಿದ ಭಾಗವನ್ನೂ ಹೇಳಬೇಕು. ಸೋತೆವು ಅಂತ ಅವರು ಕೈಬಿಡಲಿಲ್ಲ. ಉಪಕರಣ, ಮಾಡುವ ವಿಧಾನ ಸುಧಾರಿಸಿ, ಮತ್ತೆ ಸುಳ್ಳು ಚಿಕಿತ್ಸೆಯ ಗುಂಪನ್ನೇ ಎದುರಿಗಿಟ್ಟು ಹೊಸ ಟ್ರಯಲ್‌ಗಳನ್ನು ಮಾಡಿದರು. 2018ರಲ್ಲಿ ಬಂದ ಅಂಥ ಒಂದರಲ್ಲಿ, ನರಗಳನ್ನು ಅಲ್ಟ್ರಾಸೌಂಡಿನಿಂದ ಸುಡುವ ವಿಧಾನದಲ್ಲಿ, ಹಗಲಿನ ಬಿಪಿಯಲ್ಲಿ ಎರಡು ಗುಂಪಿನ ನಡುವೆ ಸುಮಾರು 6 ಪಾಯಿಂಟ್ ಅಂತರ ಕಂಡಿತು. 2023ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಇಂಥ ಎರಡು ಉಪಕರಣಗಳಿಗೆ ಒಪ್ಪಿಗೆಯನ್ನೂ ಕೊಟ್ಟಿತು. ಅಂದರೆ ಚಿಕಿತ್ಸೆಯಲ್ಲಿ ಹುರುಳಿತ್ತು. 32ರ ಹುರುಳಲ್ಲ, 6ರದ್ದು. ಮಾತ್ರೆ ಬಿಟ್ಟು ಇದನ್ನು ಮಾಡಿಸಿಕೊಳ್ಳಬೇಕಾ ಅಂತ ಯೋಚಿಸುವವರಿಗೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ತುಂಬ ದೊಡ್ಡದು.

ಇದೇ ಲೆಕ್ಕ ಮನೆಯ ಜಗಲಿಗೂ ಬರುತ್ತೆ. ನಮ್ಮ ಸೋದರತ್ತೆ ತುಮಕೂರಿನಲ್ಲಿದ್ದಾರೆ. ಮಾವ ಹೋಗಿದ್ದು ಲಕ್ವಾ ಹೊಡೆದು, ಆಮೇಲಿನಿಂದ ಅತ್ತೆಗೆ ಬಿಪಿ ಅಂದರೆ ಭಯ, ಆಸ್ಪತ್ರೆ ಅಂದರೆ ಅದಕ್ಕಿಂತ ಭಯ. ಹೋದ ವರ್ಷ ಅವರ ಬೀದಿಯ ಕಲ್ಯಾಣ ಮಂಟಪದಲ್ಲಿ ಒಂದು ಕಂಪನಿಯವರು ಉಚಿತ ಶಿಬಿರ ಹಾಕಿದ್ದರು. ಬಂದವರ ಬಿಪಿ ನೋಡುವುದು, ಜಾಸ್ತಿ ಇದ್ದವರನ್ನು 15 ದಿನ ಪುಕ್ಕಟೆಯಾಗಿ ಬಿಸಿಯಾಗುವ ಒಂದು ಮ್ಯಾಟ್ ಮೇಲೆ ಮಲಗಿಸುವುದು, ಮತ್ತೆ ಬಿಪಿ ನೋಡುವುದು. ಅತ್ತೆಯದ್ದು 172 ಇದ್ದದ್ದು 146 ಆಯಿತಂತೆ. ಹಾಲಿನವನಿಗೂ ಹೇಳಿದ್ದಾರೆ. ಮ್ಯಾಟನ್ನು ಕಂತಿನಲ್ಲಿ ತಗೊಂಡೂ ಆಗಿತ್ತು. ಅದಾದರೂ ಹೋಗಲಿ, ಮಾತ್ರೆ ನಿಲ್ಲಿಸಿಬಿಟ್ಟಿದ್ದರು.

ಫೋನಿನಲ್ಲಿ ಇದನ್ನು ಕೇಳಿದ ಶನಿವಾರವೇ ಹೋದೆ. ಮ್ಯಾಟ್ ಮೋಸ ಅಂತ ಶುರುಮಾಡಿದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಾರೆ, ಅದು ಗೊತ್ತಿತ್ತು. ಹಾಗಾಗಿ ಬೇರೆ ಕೇಳಿದೆ.

"ಅತ್ತೆ, ಶಿಬಿರದಲ್ಲಿ 120 ಬಂದವರನ್ನೂ ಮಲಗಿಸಿದ್ರಾ?"

"ಅವರಿಗ್ಯಾಕೋ ಬೇಕು? ಅವರದ್ದು ಸರಿಯಾಗೇ ಇತ್ತಲ್ಲ."

"ಅವರನ್ನ 15 ದಿನ ಆದ್ಮೇಲೆ ಮತ್ತೆ ನೋಡಿದ್ರಾ?"

"ಇಲ್ಲಪ್ಪ."

"ಮೊದಲನೇ ದಿನ ನೀವು ಹೋದಾಗ ಹೇಗಿತ್ತು?"

"ಅಯ್ಯೋ, ಏನು ಜನ ಅಂತೀಯ. ಒಂದು ಗಂಟೆ ಕ್ಯೂನಲ್ಲಿ ನಿಂತು ನಿಂತು ಕಾಲೆಲ್ಲ ಪದ ಹೇಳ್ತಿತ್ತು. ಆಮೇಲೆ ದಿನಾ ಹೋಗಿ ಹೋಗಿ ಆ ಹುಡುಗೀರೆಲ್ಲ ಪರಿಚಯ ಆಗೋದ್ರು, ಅಜ್ಜಿ ಅಜ್ಜಿ ಅಂತ ಕೂರಿಸಿ ಮಾತಾಡಿಸೋರು."

ಹೇಳಿ ಮುಗಿಸಿ ಅವರೇ ಸ್ವಲ್ಪ ಹೊತ್ತು ಸುಮ್ಮನಾದರು. ನಾನು ಮೀನು, ಸರಾಸರಿ ಏನೂ ಹೇಳಲಿಲ್ಲ. ಬಿಪಿ ಯಂತ್ರ ತಂದಿದ್ದೆ. ಅಲ್ಲಿಯ ವೈದ್ಯರಿಗೆ ಫೋನ್ ಮಾಡಿದೆವು. ಮಾತ್ರೆಯನ್ನು ಅವತ್ತಿನಿಂದಲೇ ಮತ್ತೆ ಶುರುಮಾಡಿ ಅಂದರು. ಜೊತೆಗೆ ಏಳು ದಿನ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಐದು ನಿಮಿಷ ಸುಮ್ಮನೆ ಕೂತು ನೋಡಿ ಬರೆದಿಡಬೇಕು, ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತಗೊಂಡು ಬರಬೇಕು ಅಂದರು. ಒಂದು ಅಳತೆಯಲ್ಲಿ ಹಣೆಬರಹ ದೊಡ್ಡದು, ಇಪ್ಪತ್ತನಾಲ್ಕು ಅಳತೆಯ ಸರಾಸರಿಯಲ್ಲಿ ಅದು ತುಂಬ ಚಿಕ್ಕದಾಗುತ್ತೆ. ಅತ್ತೆ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಎಲ್ಲ ಬರೆದರು. ಈಗ ಮಾತ್ರೆ ನಡೆಯುತ್ತಿದೆ. ಮ್ಯಾಟ್ ಮಹಡಿ ಮೇಲೆ ಸಂಡಿಗೆ ಒಣಗಿಸಲು ಹೋಗಿದೆ. ಕಂತು ಮಾತ್ರ ಇನ್ನೂ ಎರಡು ಬಾಕಿ.

ಮೇಲ್ ಮಾಡಿದವರ ಎರಡನೇ ಸಾಕ್ಷಿಗೆ ಬರುತ್ತೇನೆ, 'ಜಾಸ್ತಿ ಇದ್ದವರದ್ದೇ ಜಾಸ್ತಿ ಇಳಿದಿದೆ'. ಇದು ಓದಿದವರನ್ನೂ ಬೀಳಿಸುವ ಗುಂಡಿ. ಎಕ್ಸೆಲ್‌ನಲ್ಲಿ ಒಂದು ಕಾಲಮ್ಮಿನಲ್ಲಿ ಮೊದಲ ಅಳತೆ, ಇನ್ನೊಂದರಲ್ಲಿ ಬದಲಾವಣೆ, ಅಂದರೆ ಎರಡನೆಯದರಲ್ಲಿ ಮೊದಲನೆಯದು ಕಳೆದದ್ದು. ಎರಡಕ್ಕೂ ಕೋರಿಲೇಶನ್ ಕೇಳಿದರೆ ಚೆನ್ನಾದ ಒಂದು ಮೈನಸ್ ಅಂಕಿ ಬರುತ್ತೆ. ಬರದೆ ಏನು ಮಾಡುತ್ತೆ? ಮೊದಲ ಅಳತೆ ಎರಡೂ ಕಾಲಮ್ಮಿನಲ್ಲಿ ಕೂತಿದೆ, ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ. ದಾಳದ ಎರಡು ಎಸೆತಗಳ ಹಾಗೆ ಒಂದಕ್ಕೊಂದು ಸಂಬಂಧವೇ ಇಲ್ಲದ, ಒಂದೇ ಹರವಿನ ಎರಡು ಅಳತೆ ತಗೊಂಡರೂ ಈ ಕೋರಿಲೇಶನ್ ಮೈನಸ್ 0.71ರ ಹತ್ತಿರ ಬರುತ್ತೆ. ಸಂಬಂಧ ಇಲ್ಲ ಅನ್ನುವುದಕ್ಕೆ ಇಲ್ಲಿ ಸೊನ್ನೆ ಗುರುತಲ್ಲ.

ಬ್ರಿಟನ್ನಿನ ಪಿ.ಡಿ. ಓಲ್ಡ್‌ಹ್ಯಾಮ್ 1962ರಲ್ಲೇ ಇದಕ್ಕೊಂದು ಸುಲಭದ ಉಪಾಯ ಹೇಳಿದ್ದಾರೆ. ಬದಲಾವಣೆಯನ್ನು ಮೊದಲ ಅಳತೆಯ ಜೊತೆ ಹೋಲಿಸಬೇಡಿ, ಎರಡೂ ಅಳತೆಗಳ ಸರಾಸರಿಯ ಜೊತೆ ಹೋಲಿಸಿ. ದಾಳದ ಮೇಲೆ ಇದನ್ನು ಮಾಡಿದರೆ ಸಂಬಂಧ ಸೊನ್ನೆಗೆ ಬರುತ್ತೆ, ಬರಬೇಕಾದದ್ದೂ ಅದೇ. ಇದರ ಹಿಂದಿರುವ ಮಾತು ಸರಳ. ಜಾಸ್ತಿ ಇದ್ದವರದ್ದು ನಿಜವಾಗಲೂ ಜಾಸ್ತಿ ಇಳಿದಿದ್ದರೆ ಜನ ಒಬ್ಬರಿಗೊಬ್ಬರು ಹತ್ತಿರ ಬಂದಿರಬೇಕು, ಅಂಕಿಗಳ ಹರವು ಮೊದಲಿಗಿಂತ ಕಿರಿದಾಗಿರಬೇಕು. ದಾಳದಲ್ಲಿ ಎರಡು ಸಲವೂ 1ರಿಂದ 6ರವರೆಗೆ ಅದೇ ಹರವು. ಆದರೆ ಇದು ನಡೆಯಬೇಕಾದರೆ ಎಲ್ಲರನ್ನೂ ಎರಡು ಸಲ ಅಳೆದಿರಬೇಕು. 150ರ ಮೇಲಿನವರನ್ನು ಮಾತ್ರ ಆರಿಸಿ ತಂದ ಪಟ್ಟಿಯ ಮೇಲೆ ಈ ಉಪಾಯವೂ ಸೋಲುತ್ತೆ.

ಆಫೀಸಿನಲ್ಲಿ ಇದರ ಅಣ್ಣತಮ್ಮಂದಿರು ಬೇಕಾದಷ್ಟಿವೆ. ಕಳೆದ ತ್ರೈಮಾಸಿಕದಲ್ಲಿ ಕೆಳಗಿದ್ದ ಹತ್ತು ಜನರಿಗೆ ಟ್ರೈನಿಂಗ್, ಮುಂದಿನ ತ್ರೈಮಾಸಿಕದಲ್ಲಿ ಅವರ ಸೇಲ್ಸ್ ಏರಿತು, ಟ್ರೈನರ್‌ಗೆ ಇನ್ನೊಂದು ಕಾಂಟ್ರಾಕ್ಟ್. ಇದು ಹೊಸದೂ ಅಲ್ಲ. 1933ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹೊರೇಸ್ ಸೆಕ್ರಿಸ್ಟ್ ಅನ್ನುವ ಪ್ರೊಫೆಸರ್ ಬಿಸಿನೆಸ್‌ನಲ್ಲಿ ಸಾಧಾರಣರದ್ದೇ ಗೆಲುವು ಅಂತ ಒಂದು ದಪ್ಪ ಪುಸ್ತಕವನ್ನೇ ಬರೆದರು. ಲಾಭದಲ್ಲಿ ಮೇಲಿದ್ದ ಅಂಗಡಿಗಳು ವರ್ಷಗಳು ಕಳೆದಂತೆ ಇಳಿಯುತ್ತವೆ, ಕೆಳಗಿದ್ದವು ಏರುತ್ತವೆ ಅನ್ನುವುದಕ್ಕೆ ಪುಟಗಟ್ಟಲೆ ಕೋಷ್ಟಕ. ಹೆರಾಲ್ಡ್ ಹೋಟೆಲಿಂಗ್ ಅದರ ವಿಮರ್ಶೆ ಬರೆದು, ಇದು ವ್ಯಾಪಾರದ ಗುಣವಲ್ಲ, ಮೊದಲ ವರ್ಷದ ಅಂಕಿಯಿಂದ ಗುಂಪು ಮಾಡಿದ್ದರ ಗುಣ, ಕೊನೆಯ ವರ್ಷದಿಂದ ಗುಂಪು ಮಾಡಿದರೆ ಉಲ್ಟಾ ಕಾಣುತ್ತೆ ಅಂದರು. ಹತ್ತು ವರ್ಷದ ಕೆಲಸ ಒಂದು ವಿಮರ್ಶೆಯಲ್ಲಿ ಹೋಯಿತು ಅಂತ ಓದಿದಾಗಲೆಲ್ಲ ನನಗೆ ಆ ಪ್ರೊಫೆಸರ್ ಮೇಲೆ ಅಯ್ಯೋ ಅನಿಸುತ್ತೆ.

ಪರ್ಸೆಂಟೇಜ್ ಬಗ್ಗೆ ಒಂದೇ ಮಾತು. 100 ಇದ್ದದ್ದು 50 ಆದರೆ ಶೇ. 50 ಇಳಿಕೆ, ಅದೇ 50 ಮತ್ತೆ 100 ಆದರೆ ಶೇ. 100 ಏರಿಕೆ. ಹೋಗಿ ಬಂದ ದಾರಿ ಒಂದೇ, ಸರಾಸರಿ ತೆಗೆದರೆ ಶೇ. 25 ಲಾಭ. ಮೊದಲ ಅಳತೆಯಿಂದ ಭಾಗಿಸಿದ ಕೂಡಲೇ ಆ ಅಳತೆಯ ಏರುಪೇರೆಲ್ಲ ಉತ್ತರದೊಳಗೆ ಬಂದು ಕೂರುತ್ತೆ.

ಹಾಗಾದರೆ ಮಾಡುವುದೇನು? ಎರಡು ಗುಂಪಿದ್ದಾಗ ಕಳೆಯುವುದನ್ನು ಬಿಟ್ಟು ಹೀಗೆ ಕೇಳುವುದು ವಾಸಿ: ಒಂದೇ ಅಂಕಿಯಿಂದ ಶುರುಮಾಡಿದ ಇಬ್ಬರಲ್ಲಿ, ಚಿಕಿತ್ಸೆ ಆದವರು ಎಲ್ಲಿಗೆ ಬಂದು ನಿಂತರು, ಆಗದವರು ಎಲ್ಲಿಗೆ? ಆನ್ಕೋವಾ ಅನ್ನುವ ವಿಧಾನ ಮಾಡುವುದು ಇದನ್ನೇ, ಟ್ರಯಲ್‌ಗಳಲ್ಲಿ ನಾವು ದಿನಾ ಬಳಸುವುದೂ ಇದನ್ನೇ. ಗುಂಪುಗಳನ್ನು ಲಾಟರಿ ಹಾಕಿ ಮಾಡಿದ್ದರೆ ಇದು ಕಣ್ಣುಮುಚ್ಚಿ ನಂಬಬಹುದಾದ ವಿಧಾನ.

ಲಾಟರಿ ಇಲ್ಲದಿದ್ದರೆ ಇದೂ ಕೈಕೊಡುತ್ತೆ. 1967ರಲ್ಲಿ ಫ್ರೆಡರಿಕ್ ಲಾರ್ಡ್ ಎರಡೇ ಪುಟಗಳಷ್ಟು ಚಿಕ್ಕ ಬರಹದಲ್ಲಿ ಒಂದು ಒಗಟು ಇಟ್ಟರು. ಒಂದು ವಿಶ್ವವಿದ್ಯಾಲಯದ ಮೆಸ್ಸಿನ ಊಟ ಹುಡುಗರ ಮೇಲೆ, ಹುಡುಗಿಯರ ಮೇಲೆ ಏನು ಪರಿಣಾಮ ಮಾಡುತ್ತೆ ಅಂತ ತಿಳಿಯಲು ಸೆಪ್ಟೆಂಬರಿನಲ್ಲಿ ಮತ್ತು ಜೂನಿನಲ್ಲಿ ತೂಕ ನೋಡಿದ್ದಾರೆ ಅಂದುಕೊಳ್ಳಿ. ಹುಡುಗರ ಸರಾಸರಿಯೂ ಬದಲಾಗಿಲ್ಲ, ಹುಡುಗಿಯರದ್ದೂ ಬದಲಾಗಿಲ್ಲ. ಮೊದಲ ತಜ್ಞ, ವ್ಯತ್ಯಾಸವೇನೂ ಇಲ್ಲ ಅಂತಾನೆ. ಎರಡನೆಯವನು ಆನ್ಕೋವಾ ಹಾಕಿ, ಒಂದೇ ತೂಕದಿಂದ ಶುರುವಾದವರಲ್ಲಿ ಹುಡುಗರೇ ಜಾಸ್ತಿ ತೂಕ ಏರಿಸಿಕೊಂಡಿದ್ದಾರೆ ಅಂತಾನೆ. 60 ಕೆಜಿಯ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ನೆನೆಸಿಕೊಂಡರೆ ಎರಡನೆಯವನ ಮಾತು ತಿಳಿಯುತ್ತೆ. ಹುಡುಗರ ನಡುವೆ ಅವನು ಸಣಕಲ, ಹುಡುಗಿಯರ ನಡುವೆ ಅವಳು ದಪ್ಪ. ಜೂನಿಗೆ ಅವನು ಹುಡುಗರ ಸರಾಸರಿಯ ಕಡೆ ಏರುತ್ತಾನೆ, ಅವಳು ಹುಡುಗಿಯರ ಸರಾಸರಿಯ ಕಡೆ ಇಳಿಯುತ್ತಾಳೆ. ಇಬ್ಬರು ತಜ್ಞರ ಲೆಕ್ಕದಲ್ಲೂ ತಪ್ಪಿಲ್ಲ. ಕೇಳಿದ ಪ್ರಶ್ನೆಯೇ ಬೇರೆ ಬೇರೆ. ಮೆಸ್ಸಿನ ಊಟದ ಬಗ್ಗೆಯಂತೂ ಇಬ್ಬರೂ ಏನೂ ಹೇಳಿದ ಹಾಗಾಗಲಿಲ್ಲ, ಯಾಕಂದರೆ ಬೇರೆ ಮೆಸ್ಸಿನಲ್ಲಿ ಉಂಡವರು ಯಾರೂ ಆ ಪಟ್ಟಿಯಲ್ಲಿಲ್ಲ.

ಎರಡೇ ಸಲ ಅಳೆಯುವ ಬದಲು ಹಲವು ಸಲ ಅಳೆದು, ಇಡೀ ಬೆಳವಣಿಗೆಯ ಗೆರೆಯನ್ನೇ ಹೋಲಿಸುವ ದಾರಿಯೂ ಇದೆ. ಅದರ ಬಗ್ಗೆ 1958ರಷ್ಟು ಹಿಂದೆಯೇ ಬರೆದವರಲ್ಲಿ ಒಬ್ಬರು ಸಿ.ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಮಲ್ಲಿಗೆ ಬಿಟ್ಟರೆ ಆ ಊರಿನ ಹೆಸರು ಜಗತ್ತಿನ ಪುಸ್ತಕಗಳಲ್ಲಿ ಬರುವುದು ಇದೇ ಕಾರಣಕ್ಕೆ. ಅವರ ಬಗ್ಗೆ ಇನ್ನೊಂದು ವಾರ ಬೇರೆಯಾಗಿಯೇ ಬರೆಯಬೇಕು.

ಈಗ ಮೇಲ್ ಮಾಡಿದವರಿಗೆ. ಪ್ರೋಗ್ರಾಮ್ ನಿಲ್ಲಿಸಬೇಡಿ, ಅದು ಕೆಲಸ ಮಾಡುವುದಿಲ್ಲ ಅಂತ ನಾನು ಹೇಳಿಲ್ಲ. ನಿಮ್ಮ ಅಂಕಿಗಳಿಂದ ಅದು ಗೊತ್ತಾಗುವುದಿಲ್ಲ ಅಂದೆ, ಅಷ್ಟೇ. ಮುಂದಿನ ವರ್ಷ ಚೆಕಪ್‌ನಲ್ಲಿ ಜಾಸ್ತಿ ಬಂದವರನ್ನು ಎರಡು ವಾರ ಬಿಟ್ಟು ಇನ್ನೊಂದು ಸಲ ಅಳೆಸಿ. ಪ್ರೋಗ್ರಾಮ್‌ಗೆ ಆರಿಸಲು ಮೊದಲ ಅಂಕಿ ಬಳಸಿ, 'ಮೊದಲು ಎಷ್ಟಿತ್ತು' ಅಂತ ಬರೆಯುವ ಜಾಗದಲ್ಲಿ ಎರಡನೆಯದನ್ನು ಹಾಕಿ. ಆ ಎರಡು ವಾರದಲ್ಲೇ ಎಷ್ಟು ಇಳಿದಿದೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗಬಹುದು. ಆಮೇಲೆ ಹೇಗೂ ಯೋಗದ ಹಾಲಿನಲ್ಲಿ ಎಲ್ಲರಿಗೂ ಒಟ್ಟಿಗೆ ಜಾಗ ಇರುವುದಿಲ್ಲ. ಚೀಟಿ ಎತ್ತಿ, ಅರ್ಧ ಜನರಿಗೆ ಮೊದಲ ಮೂರು ತಿಂಗಳು, ಉಳಿದವರಿಗೆ ನಂತರದ ಮೂರು ತಿಂಗಳು. ಯಾರಿಗೂ ಅನ್ಯಾಯ ಆಗಲಿಲ್ಲ, ನಿಮಗೆ ಪುಕ್ಕಟೆ ಒಂದು ಕಂಟ್ರೋಲ್ ಗುಂಪು ಸಿಕ್ಕಿತು. ಮೂರು ತಿಂಗಳ ಕೊನೆಗೆ ಎಲ್ಲರನ್ನೂ ಒಂದೇ ವಾರ, ಒಂದೇ ಹೊತ್ತಿಗೆ, ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ನರ್ಸ್ ಹತ್ತಿರ ಅಳೆಸಿ.

160, 170 ಬಂದವರನ್ನು ಮಾತ್ರ ಚೀಟಿಗೆ ಕಾಯಿಸಬೇಡಿ, ನೇರವಾಗಿ ಡಾಕ್ಟರ ಹತ್ತಿರ ಕಳಿಸಿ. ಉಳಿದವರ ಅಂಕಿ ಬಂದಾಗ ನನಗೂ ಒಂದು ಮೇಲ್ ಹಾಕಿ, ಇಳಿದಿದ್ದರೂ ಸರಿ, ಇಳಿಯದಿದ್ದರೂ ಸರಿ.